ರೇಡಿಯೋದಾಗ ಗರಗರ ಅಂದ್ರ ಯಾರ ಬಾಗಲಾ ಬಡೀಬೇಕು?

ಓಣ್ಯಾಗ ಯಾರರ ಸರಿರಾತ್ರ್ಯಾಗ ಲೌಡ್‌ಸ್ಪೀಕರ್ ಹಚ್ಚಿದ್ರ ಏನ್ ಮಾಡಬೇಕಂತ ನಮಗೆಲ್ಲಾ ಗೊತ್ತದ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಾಗ ರಾತ್ರಿ 10ರಿಂದ ಮುಂಜಾನೆ 6ರ ತನಕಾ ಅದಕ್ಕ ನಿರ್ಬಂಧ ಅದ, ಪೊಲೀಸರಿಗೆ ಫೋನ್ ಹಚ್ಚಬಹುದು. ಆದ್ರ ಬಾಜೂ ಮನ್ಯಾಗಿನ ಯಾವುದೋ ಮಷೀನಿನಿಂದ ನಮ್ಮ ರೇಡಿಯೋ ದಿನಾ ಗರಗರ ಅಂತಿದ್ರ? ವಾಯರ್‌ಲೆಸ್ ಅನ್ನೋದು ನಮ್ಮ ಸಂವಿಧಾನದಾಗ ಕೇಂದ್ರ ಸರಕಾರದ ವಿಷಯ. ಮುನಸಿಪಾಲ್ಟಿಯವರು ಅದಕ್ಕ ಕಾಯ್ದೆ ಮಾಡೋಹಂಗಿಲ್ಲ. ನಾವು ಯಾರಿಗೆ ಹೇಳಬೇಕು?

“ಈಗ ರೇಡಿಯೋ ಯಾರು ಕೇಳ್ತಾರ ವೈನಿ?” ಅಂತೀರಿ. ಮನ್ಯಾಗ ಒಬ್ಬರೇ ಇರೋ ಅಜ್ಜಿಗೋಳು ಕೇಳ್ತಾರ್ರಿ. 1950ರಾಗ ಶುರುವಾದ ಧಾರವಾಡ ಆಕಾಶವಾಣಿನೇ ಅವರಿಗೆ ಜೋಡಿ. ಮೀಡಿಯಂ ವೇವ್‌ನ್ಯಾಗ ಸಣ್ಣ ಕಿಡಿನೂ ಗದ್ದಲಾಗಿ ಕೇಳ್ತದ. ಶೇಂಗಾ ಹಿಂಡಿ ಮಾಡೋ ಮಿಕ್ಸರ್‌ನ ಕಾರ್ಬನ್ ಬ್ರಶ್, ಸೋವಿ ಎಲ್‌ಇಡಿ ಬಲ್ಬು, ಚಾರ್ಜರ್, ಎಲ್ಲಾ ಗರಗರ ಅನಸ್ತಾವ.

ನಮ್ಮ ಹುಡುಗ್ರು ಹೋಗಿ ನೆಲಸ್ಯಾರಲ್ಲ, ಆ ಅಮೆರಿಕಾದಾಗ ಈ ಜಗಳ ಹಳೇದು. 1970ರ ದಶಕದಾಗ ಅಲ್ಲೆ ಸಿಬಿ ರೇಡಿಯೋದ ಹುಚ್ಚು ಹತ್ತಿತ್ತು. ಕಾರಿನ್ಯಾಗ, ಮನ್ಯಾಗ ಕೂತು ಮಾತಾಡೋ ಸಣ್ಣ ಸೆಟ್ ಅದು. ಕಾಯ್ದೆ ಪ್ರಕಾರ ನಾಲ್ಕು ವಾಟ್ ಸಾಕು, ಆದ್ರ ಕೆಲವರು ಕದ್ದು ಆಂಪ್ಲಿಫೈಯರ್ ಹಚ್ಚತಿದ್ರು. ಅವರ ಮಾತು ಬಾಜೂದವರ ಟಿವ್ಯಾಗ, ಫೋನಿನ್ಯಾಗ ಬರ್ತಿತ್ತು. ಊರಿನವರು ದಂಡಾ ಹಾಕೋಣಂದ್ರ ಅಧಿಕಾರ ಇರಲಿಲ್ಲ. 1982ರ ಕಾಯ್ದೆಯಿಂದ ಅದು ಎಫ್‌ಸಿಸಿ ಅನ್ನೋ ಕೇಂದ್ರದ ಆಯೋಗದ ಕೆಲಸ ಅಂತ ಖಾತ್ರಿ ಆತು. ಒಂದು ಓಣಿ ತಕರಾರು ವಾಷಿಂಗ್ಟನ್ ತನಕಾ ಹೋಗಿ ಯಾವಾಗ ಬಗೀಹರಿಬೇಕು?

2000ದಾಗ ಮತ್ತೊಂದು ಕಾಯ್ದೆ ಬಂತು. ಸಿಬಿ ರೇಡಿಯೋದ ಮಟ್ಟಿಗೆ ಎಫ್‌ಸಿಸಿ ನಿಯಮ ಮುರದವರ ಮ್ಯಾಲೆ ಊರಿನ ಆಡಳಿತನೇ ಕ್ರಮ ತಗೋಬಹುದು. ಅನ್ಯಾಯ ಆತು ಅಂದ್ರ 30 ದಿನದಾಗ ಎಫ್‌ಸಿಸಿಗೆ ಅಪೀಲು. ಆದ್ರ ಲೈಸೆನ್ಸ್ ಇರೋ ಹ್ಯಾಮ್ ರೇಡಿಯೋದವರನ್ನ ಊರಿನವರು ಮುಟ್ಟೋಹಂಗಿಲ್ಲ.

ನನಗ ಇದು ಶಾಣ್ಯಾತನದ ಕಾಯ್ದೆ ಅನಸ್ತದ. ನಿಚ್ಚಳ ತಪ್ಪಿನ ನ್ಯಾಯ ಮನಿ ಹತ್ರನೇ ಆಗಬೇಕು. ಹಂಗಂತ ಮಾಳಗಿ ಮ್ಯಾಲೆ ಎತ್ತರದ ಆಂಟೆನಾ ಕಂಡಕೂಡ್ಲೆ ಪರೀಕ್ಷಾ ಬರದು ಲೈಸೆನ್ಸ್ ತಗೊಂಡ ಹುಡುಗನ ಮ್ಯಾಲೆ ಬೀಳಬಾರದು. ಎಷ್ಟೋ ಸಲ ದೋಷ ಇರೋದು ನಮ್ಮ ಟಿವಿ ಒಳಗ.

ನಮ್ಮ ಕಾರ್ಪೊರೇಟರ್ ಕೈಯಾಗ ಗಾಳಿ ಅಲೆಗಳ ಅಧಿಕಾರ ಕೊಡ್ರಿ ಅಂತ ನಾ ಹೇಳಾಂಗಿಲ್ಲ. ವಾರ್ಡ್ ಆಫೀಸಿನ್ಯಾಗ ಒಬ್ಬ ತಿಳದಂವ ಇರಲಿ. ಬಂದು ಹುಡುಕಲಿ, ಯಾರ ಮನಿದು, ಯಾತರದು ಅಂತ ಬರದು ಕೊಡಲಿ, ಮುಂದಿನ ಆಫೀಸಿಗೆ ಕಳಸಲಿ. ಅಷ್ಟಾದ್ರ ಅರ್ಧಾ ಜಗಳ ಅಲ್ಲೇ ಮುಗೀತಾವ.

ಅಲ್ಲೀತನಕಾ ಬಾಜೂ ಮನಿ ಕಾಕೂನ ಜೋಡಿ ಮಾತು ಬಿಡೋಕಿಂತ ಮೊದಲ ಇಷ್ಟು ಮಾಡ್ರಿ. ಬ್ಯಾಟರಿ ರೇಡಿಯೋ ಹಚ್ಚಿ ನಿಮ್ಮ ಮೇನ್ ಸ್ವಿಚ್ ಆರಿಸ್ರಿ. ಗರಗರ ನಿಂತ್ರ ಕಳ್ಳ ನಿಮ್ಮ ಮನ್ಯಾಗೇ ಇದ್ದಾನ. ನಿಲ್ಲಲಿಲ್ಲಂದ್ರ ರೇಡಿಯೋ ಹಿಡಕೊಂಡು ಓಣ್ಯಾಗ ಅಡ್ಡಾಡ್ರಿ. ಕರೆಂಟಿನ ಕಂಬದ ಹತ್ರ ಜೋರಾದ್ರ ಕಂಬ ಮುಟ್ಟಬ್ಯಾಡ್ರಿ, ಕರೆಂಟ್ ಆಫೀಸಿಗೆ ಹೇಳ್ರಿ. ಮ್ಯಾಲೆ ತಂತಿ ಸಡಲಾಗಿರಬಹುದು, ಪಿಂಗಾಣಿ ಒಡದಿರಬಹುದು. ಆ ಗರಗರ ಬರೇ ಹಾಡು ಕೆಡಸೋ ಮಾತಲ್ಲ, ಜೀವದ ಮಾತು.