ಮರಿ ತರುವ ಮೊದಲು ಹಿತ್ತಿಲು ಅಳೆಯೋಣ

ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆಯ ಮನೆಗಳಲ್ಲಿ ಹಿಂದೆ ಕೋಳಿಗೆ ಬೇಲಿ ಎಂಬ ಮಾತೇ ಇರಲಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ತೋಟ, ಹಟ್ಟಿ, ಗೊಬ್ಬರದ ಗುಂಡಿ ಎಲ್ಲ ಸುತ್ತಿ, ಮಗ್ರಿಬ್ ಬಾಂಕಿನ ಹೊತ್ತಿಗೆ ತಾವಾಗಿಯೇ ಮರಳುತ್ತಿದ್ದವು. ಇವತ್ತು ಆ ತೋಟಗಳು ಪಾಲಾಗಿ ಐದು, ಹತ್ತು ಸೆಂಟ್ಸ್ ಆಗಿವೆ. ಕಂಪೌಂಡು ಎದ್ದಿದೆ, ಅಂಗಳಕ್ಕೆ ಇಂಟರ್‌ಲಾಕ್ ಬಿದ್ದಿದೆ. ಆದರೂ ಕೋಳಿ ಸಾಕುವ ಆಸೆ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ.

ನಾವು ಎಡವುವುದು ಲೆಕ್ಕದಲ್ಲಿ. ಮೊದಲು ಮರಿ ತರುತ್ತೇವೆ, ಆಮೇಲೆ ಗೂಡು, ಕೊನೆಗೆ ಜಾಗ ಹುಡುಕುತ್ತೇವೆ. ನಾನೂ ಹಾಗೇ ಮಾಡಿದೆ. ರಜೆಯಲ್ಲಿ ಗಲ್ಫಿನಿಂದ ಬಂದ ತಮ್ಮನ ಉತ್ಸಾಹಕ್ಕೆ ಹದಿನೈದು ಮರಿಯೂ ಒಂದು ರೆಡಿಮೇಡ್ ಕಬ್ಬಿಣದ ಗೂಡೂ ಬಂದವು. ಮನೆಗೆ ಬರುವವರ ಕಣ್ಣಿಗೆ ಬೀಳದಿರಲಿ ಎಂದು ಹಿಂದಿನ ಕಂಪೌಂಡಿಗೆ ಒತ್ತಿ ಇಟ್ಟೆವು. ಕಂಪೌಂಡಿನ ಆಚೆ ಪಕ್ಕದ ಮನೆಯವರ ಅಡುಗೆಕೋಣೆಯ ಕಿಟಕಿ. ತಮ್ಮ ವಾಪಸ್ ಹೋದ, ಜೂನ್ ಬಂತು. ಎರಡೇ ವಾರದಲ್ಲಿ ಗೂಡಿನ ಅಡಿ ಕೆಸರು, ನೊಣ, ವಾಸನೆ. ಸೊಂಟ ಬಗ್ಗಿಸಿ ಅದನ್ನು ಬಳಿಯುವ ಕೆಲಸ ಉಮ್ಮನ ಪಾಲಿಗೆ ಬಂತು. ಪಕ್ಕದ ಮನೆಯವರು ಏನೂ ಹೇಳಲಿಲ್ಲ. ಕಿಟಕಿ ಮುಚ್ಚಿದರು, ಅಷ್ಟೆ.

ಜಗಳ ಆಡಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ನೆರೆಯವರ ಹಕ್ಕಿನ ಬಗ್ಗೆ ಮದ್ರಸದಲ್ಲೇ ಕಲಿತವರು ನಾವು. ಬೆಕ್ಕನ್ನು ಕಟ್ಟಿಹಾಕಿ, ತಿನ್ನಲೂ ಕೊಡದೆ, ಹುಡುಕಿ ತಿನ್ನಲೂ ಬಿಡದೆ ಸಾಯಲು ಬಿಟ್ಟ ಹೆಂಗಸಿನ ಹದೀಸೂ ಎಲ್ಲರಿಗೆ ಗೊತ್ತು. ಬಿಟ್ಟ ಕೋಳಿ ತನ್ನ ನೆರಳು, ತನ್ನ ಹುಳ, ತನ್ನ ಒಣ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಬೇಲಿಯೊಳಗಿನ ಕೋಳಿಗೆ ನಾವು ಕೊಟ್ಟದ್ದೇ ಲೋಕ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಎಷ್ಟು ಕೋಳಿ ಎಂಬುದನ್ನು ಜಾಗವೇ ತೀರ್ಮಾನಿಸಲಿ.

ಲೆಕ್ಕ ಕಷ್ಟದ್ದಲ್ಲ. ಒಂದು ಕೋಳಿಗೆ ರಾತ್ರಿಯ ಗೂಡಿನಲ್ಲಿ 2ರಿಂದ 3 ಚದರ ಅಡಿ, ಹಗಲು ಓಡಾಡಲು ಬೇಲಿಯೊಳಗೆ 10 ಚದರ ಅಡಿ ಇಟ್ಟುಕೊಳ್ಳಿ. ಆರು ಕೋಳಿಗೆ 60 ಚದರ ಅಡಿ, ಅಂದರೆ 6 ಅಡಿ ಅಗಲ, 10 ಅಡಿ ಉದ್ದ. ಒಂದು ಸೆಂಟ್ಸ್ ಎಂದರೆ ಸುಮಾರು 435 ಚದರ ಅಡಿ, ಅದರಲ್ಲಿ ಇದು ಏಳನೇ ಒಂದು ಪಾಲು. ನಮ್ಮ ಹದಿನೈದಕ್ಕೆ 150 ಚದರ ಅಡಿ ಬೇಕಿತ್ತು. ಮನೆ, ಬಾವಿ, ಇಂಗುಗುಂಡಿ, ಕಾರಿನ ಜಾಗ ಕಳೆದರೆ ಐದು ಸೆಂಟ್ಸಿನಲ್ಲಿ ಅಷ್ಟು ಉಳಿಯುವುದು ಕಷ್ಟ. ಮೊಟ್ಟೆಯ ತಳಿಯಾದರೆ ಒಂದು ಮನೆಯ ಬೆಳಗ್ಗಿನ ಖರ್ಚಿಗೆ ಆರು ಕೋಳಿ ಸಾಕು. ಮೊಟ್ಟೆಗಾಗಿ ಹುಂಜ ಬೇಕಿಲ್ಲ. ಮರಿ ಮಾಡಿಸುವವರಿಗೆ ಮಾತ್ರ ಅದು ಬೇಕು.

ಎಲ್ಲಿ ಎಂಬ ಪ್ರಶ್ನೆಗೆ ಮೊದಲು ಬಾವಿ ನೋಡಬೇಕು, ನಮ್ಮದನ್ನೂ ಪಕ್ಕದವರದನ್ನೂ. ನಮ್ಮದು ಕೆಂಪುಕಲ್ಲಿನ ನೆಲ, ಮಳೆನೀರು ಬೇಗ ಕೆಳಗಿಳಿಯುತ್ತದೆ. ಇಂಗುಗುಂಡಿ ಬಾವಿಯಿಂದ 7.5 ಮೀಟರ್ ದೂರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಕೋಳಿಗೊಬ್ಬರದ ರಾಶಿಗೂ ಅದೇ ಅಳತೆ ಇಟ್ಟುಕೊಂಡರೆ ಒಳ್ಳೆಯದು. ಗೂಡು, ಗೊಬ್ಬರ ಎರಡೂ ಬಾವಿಗಿಂತ ತಗ್ಗಿನಲ್ಲಿರಲಿ.

ಆಮೇಲೆ ಮಳೆ. ಬೇಲಿಯ ಅರ್ಧ ಭಾಗಕ್ಕಾದರೂ ಶೀಟು ಬೇಕು. ಗಾಳಿಮಳೆ ಬರುವ ಪಡುವಣ ಬದಿಯನ್ನು ಮುಚ್ಚಬೇಕು. ಆ ಭಾಗದ ನೆಲವನ್ನು ಒಂದು ಸಾಲು ಕಲ್ಲು ಇಟ್ಟು ಎತ್ತರಿಸಿ, ಮೇಲೆ ಉಮಿಯೋ ಒಣ ತರಗೆಲೆಯೋ ಹರಡಿದರೆ ಕೋಳಿಯ ಕಾಲು ಒಣಗಿರುತ್ತದೆ, ವಾಸನೆಯೂ ಕಡಿಮೆ. ಏಪ್ರಿಲ್ ಬಿಸಿಲಿಗೆ ಒಂದು ಹಲಸಿನ ಮರದ ನೆರಳು ಸಿಕ್ಕರೆ ಇನ್ನೂ ಚೆನ್ನ.

ಕೀರಿ, ನಾಯಿ, ಹೆಬ್ಬಾವು ಮೂರೂ ನಮ್ಮ ಊರಲ್ಲಿವೆ. ತೆಳು ಕೋಳಿಬಲೆಯನ್ನು ನಾಯಿ ಹರಿದು ಹಾಕುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಕಲ್ಲುನೆಲದಲ್ಲಿ ಅಗೆದು ಹೂಳುವುದು ಸುಲಭವಲ್ಲ, ಅದಕ್ಕೆ ಬೇಲಿಯ ಹೊರಗೆ ಒಂದೂವರೆ ಅಡಿ ಮೆಶ್ಶನ್ನು ನೆಲಕ್ಕೇ ಹಾಸಿ ಮೇಲೆ ಕಲ್ಲು ಹೇರಿದರೆ ಕೆರೆದು ನುಗ್ಗಲಾಗುವುದಿಲ್ಲ. ಮೇಲಿನಿಂದ ಗಿಡುಗ ಎರಗದಂತೆ ತೆರೆದ ಭಾಗಕ್ಕೂ ಬಲೆ ಬೇಕು.

ಇದೆಲ್ಲಕ್ಕಿಂತ ಕಡಿಮೆ ಯೋಚಿಸುವ ವಿಷಯ ಬಾಗಿಲು. ಹಣ ಕಳಿಸುವವರು, ಗೂಡು ಆರಿಸುವವರು ಗಂಡಸರು. ದಿನಾ ಗುಡಿಸುವವರು ಉಮ್ಮ, ಹೆಂಡತಿ, ಅಕ್ಕ. ಬೇಲಿ 6 ಅಡಿ ಎತ್ತರವಿದ್ದರೆ ನೆಟ್ಟಗೆ ನಿಂತು ಗುಡಿಸಬಹುದು. ಮೊಟ್ಟೆಯ ಪೆಟ್ಟಿಗೆ ಹೊರಗಿನಿಂದ ತೆರೆಯುವಂತಿದ್ದರೆ ಒಳಗೆ ನುಸುಳಬೇಕಾಗಿಲ್ಲ. ನಾಲ್ಕೈದು ಕೋಳಿಗೆ ಒಂದಡಿ ಅಳತೆಯ ಒಂದು ಪೆಟ್ಟಿಗೆ ಸಾಕು. ಅಳತೆ ಬರೆಯುವ ದಿನ ಗುಡಿಸುವವರನ್ನೇ ಕೇಳಿ.

‘ಹಿಂದಿನವರು ಇಷ್ಟೆಲ್ಲ ಅಳೆಯುತ್ತಿದ್ದರೇ?’ ಎಂದು ಕೆಲವರು ನಗುತ್ತಾರೆ. ಅವರಿಗೆ ತೋಟವೇ ಅಳತೆಯಾಗಿತ್ತು. ಅಂಥ ದಿನಗಳಲ್ಲೂ ಪುದಿಯಾಪ್ಲನಿಗೆಂದು ಕೊಯ್ಯುವ ಕೋಳಿ ಕಸ ತಿಂದದ್ದಾದರೆ ಮೂರು ದಿನ ಕೂಡಿಹಾಕಿ ಒಳ್ಳೆಯ ಕಾಳು ಕೊಡುತ್ತಿದ್ದರು. ಕೋಳಿ ಎಲ್ಲಿ ತಿರುಗಿತು, ಏನು ತಿಂದಿತು ಎಂಬ ಎಚ್ಚರ ನಮಗಿಂತ ಅವರಿಗೇ ಹೆಚ್ಚಿತ್ತು.

ನಾವು ಒಂಬತ್ತು ಕೋಳಿಗಳನ್ನು ಸಂಬಂಧಿಕರಿಗೆ ಕೊಟ್ಟೆವು. ಉಳಿದ ಆರಕ್ಕೆ ನಮ್ಮದೇ ಅಡುಗೆಕೋಣೆಯ ಹಿಂದೆ ಬೇಲಿ ಕಟ್ಟಿದೆವು. ವಾಸನೆ ಬಂದರೆ ಮೊದಲು ನಮ್ಮ ಮೂಗಿಗೇ ಬರುತ್ತದೆ, ಅವತ್ತೇ ಗುಡಿಸುತ್ತೇವೆ. ನಿಮ್ಮ ಹಿತ್ತಿಲಿಗೂ ಇದೇ ಪರೀಕ್ಷೆ ಹೇಳುತ್ತೇನೆ. ಮರಿ ತರುವ ಮೊದಲು ಟೇಪು ಹಿಡಿದು ಹಿತ್ತಿಲಿಗೆ ಹೋಗಿ. ನಿಮ್ಮ ಕಿಟಕಿಯ ಹತ್ತಿರ ಇಡಲು ಮನಸ್ಸು ಬಾರದ ಗೂಡನ್ನು ಪಕ್ಕದವರ ಕಿಟಕಿಯ ಹತ್ತಿರ ಇಡಬೇಡಿ.