ಭಾರಕ್ಕೆ ತಕ್ಕ ಗಾಲಿ

ನೂರು ಕಿಲೋ ತೂಗುವ ಮನುಷ್ಯನೊಬ್ಬನು, ವೈದ್ಯರ ಹಿತವಚನಕ್ಕೆ ಮನವೊಪ್ಪಿಯೋ ವೆಳ್ಳಿಯಂಗಿರಿಯ ತಪ್ಪಲಿನ ಮಣ್ಣುದಾರಿಗಳ ಆಕರ್ಷಣೆಗೆ ಒಳಗಾಗಿಯೋ, ಬೆಟ್ಟದ ಸೈಕಲೊಂದನ್ನು ಕೊಳ್ಳಲೆಂದು ಕೊಯಮತ್ತೂರಿನ ಅಂಗಡಿಯನ್ನು ಹೊಕ್ಕರೆ, ಅವನಿಗೆ ಮೊದಲು ತೋರಿಸುವುದು ಫ್ರೇಮಿನ ಬಣ್ಣವನ್ನು, ಅನಂತರ ಗೇರುಗಳ ಸಂಖ್ಯೆಯನ್ನು, ಕಡೆಗೆ ಒತ್ತಿದರೆ ಕುಸಿದು ಬಿಟ್ಟರೆ ಏಳುವ ಮುಂದಿನ ಫೋರ್ಕನ್ನು. ಅವನ ಭಾರದ ಬಹುಪಾಲನ್ನು ಹೊರಬೇಕಾದ ಹಿಂದಿನ ಗಾಲಿಯ ವಿಷಯವಾಗಿ ಮಾತೇ ಹುಟ್ಟುವುದಿಲ್ಲ. ಸ್ಥೂಲಕಾಯದವನ ಪಾಲಿಗೆ ಸೈಕಲ್ಲೆಂದರೆ ಮೊದಲು ಗಾಲಿ, ಉಳಿದುದೆಲ್ಲ ಆಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಣ ಪರಿಮಿತವಾಗಿದ್ದರೆ ಗೇರಿನಲ್ಲಿ ಉಳಿಸಿ ಗಾಲಿಗೆ ವೆಚ್ಚಮಾಡುವುದೇ ವಿವೇಕ.

ಈ ವಿವೇಕ ನಮ್ಮ ಹಿರಿಯರಿಗೆ ಇತ್ತು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪಿತವಾದಂದಿನಿಂದ ಈ ಸೀಮೆಯ ಮನೆಮನೆಗೂ ಬಂದ ಹರ್ಕ್ಯುಲಿಸ್ಸಿನಂತಹ 28 ಇಂಚಿನ ಕಪ್ಪು ಸೈಕಲ್ಲುಗಳ ಮುಂದಿನ ಗಾಲಿಯಲ್ಲಿ 32 ಕಡ್ಡಿಗಳೂ ಹಿಂದಿನದರಲ್ಲಿ 40 ಕಡ್ಡಿಗಳೂ ಇರುತ್ತಿದ್ದುವು. ಸವಾರನ ಭಾರ ಎರಡು ಗಾಲಿಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ, ಕ್ಯಾರಿಯರಿನ ಹೊರೆಯಂತೂ ಪೂರ್ತಿಯಾಗಿ ಹಿಂದಕ್ಕೇ ಬೀಳುತ್ತದೆ ಎಂಬ ಸತ್ಯವನ್ನು ಆ ಎರಡು ಸಂಖ್ಯೆಗಳೇ ಸಾರುತ್ತಿದ್ದುವು. ತಿರುಪ್ಪೂರಿನ ಗಲ್ಲಿಗಳಲ್ಲಿ ಬನಿಯನ್ ಬಟ್ಟೆಯ ಮೂಟೆಗಳನ್ನೂ ಪೊಳ್ಳಾಚಿಯ ತೋಟಗಳಿಂದ ಎಳನೀರಿನ ಗೊಂಚಲುಗಳನ್ನೂ ಹೊತ್ತು, ಮೇಲೆ ಆಳನ್ನೂ ಕೂರಿಸಿಕೊಂಡು ಆ ಸೈಕಲ್ಲುಗಳು ವರ್ಷಾನುವರ್ಷ ಓಡಾಡಿದುದಕ್ಕೆ ಕಾರಣ ಆ ಗಾಲಿಯೇ.

ಬೆಟ್ಟದ ಸೈಕಲ್ಲಿನ ಜನ್ಮವೂ ಅಂಥ ಗಟ್ಟಿ ಗಾಲಿಯ ಮೇಲೆಯೇ ಆಯಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ತರುಣರು ಟಮಾಲ್‌ಪೈಸ್ ಬೆಟ್ಟದ ಇಳಿಜಾರುಗಳಲ್ಲಿ ಓಡಿಸಿದುದು 1930ರ ದಶಕದ, ದಪ್ಪ ಟೈರಿನ, ಭಾರವಾದ ಹಳೆಯ ಸೈಕಲ್ಲುಗಳನ್ನು. ಈಗ ಅದೇ ವಂಶದ ಸೈಕಲ್ಲಿನಲ್ಲಿ ಗಾಲಿ 29 ಇಂಚಿಗೆ ಬೆಳೆದು, ಕಡ್ಡಿಗಳು 32ಕ್ಕೆ, ಒಮ್ಮೊಮ್ಮೆ 28ಕ್ಕೆ ಇಳಿದಿವೆ. ಹಗುರವಾದ ಸವಾರನಿಗೆ ಇದರಿಂದ ತೊಂದರೆಯಿಲ್ಲ. ನೂರು ದಾಟಿದವನಿಗೆ ಇದೆ.

ಅದೇಕೆಂಬುದನ್ನು ತಿಳಿಯಬೇಕಾದರೆ ಗಾಲಿ ಹೇಗೆ ನಿಂತಿದೆ ಎಂಬುದನ್ನು ವಿಚಾರಿಸಬೇಕು. ಎರಡು ಮಿಲಿಮೀಟರು ದಪ್ಪದ ತಂತಿ ತಾನಾಗಿ ಯಾವ ಭಾರವನ್ನೂ ತಾಳಲಾರದು, ಒತ್ತಿದರೆ ಬಾಗುತ್ತದೆ. ಆದರೆ ಎಲ್ಲ ಕಡ್ಡಿಗಳನ್ನೂ ಮೊದಲೇ ಬಲವಾಗಿ ಬಿಗಿದಿರುವುದರಿಂದ, ಗಾಲಿ ಉರುಳುವಾಗ ನೆಲಕ್ಕೆ ಹತ್ತಿರ ಬಂದ ಕೆಲವು ಕಡ್ಡಿಗಳ ಬಿಗಿತ ಭಾರಕ್ಕೆ ಅನುಗುಣವಾಗಿ ಕ್ಷಣಮಾತ್ರ ಕುಗ್ಗಿ, ಮೇಲೇರುತ್ತಲೇ ಮತ್ತೆ ಪೂರ್ವಸ್ಥಿತಿಗೆ ಮರಳುತ್ತದೆ. 29 ಇಂಚಿನ ಗಾಲಿ ಕಿಲೋಮೀಟರಿಗೆ ಸುಮಾರು 440 ಸುತ್ತು ಹಾಕುತ್ತದೆ. ಕೊಯಮತ್ತೂರಿನಿಂದ ನಲವತ್ತು ಕಿಲೋಮೀಟರು ದೂರದ ಪೊಳ್ಳಾಚಿಯನ್ನು ಸೇರುವುದರೊಳಗಾಗಿ ಪ್ರತಿಯೊಂದು ಕಡ್ಡಿಯೂ 17,000ಕ್ಕೂ ಮಿಕ್ಕು ಸಲ ಸಡಿಲಿ ಬಿಗಿಯುತ್ತದೆ. ಸವಾರನು ಭಾರವಾದಷ್ಟೂ ಈ ಏರಿಳಿತ ಹಿರಿದಾಗಿ, ಲೋಹವು ದಣಿದು, ಒಂದು ದಿನ ಯಾವ ಹಳ್ಳಕ್ಕೂ ಬೀಳದೆ ಸಮವಾದ ರಸ್ತೆಯಲ್ಲಿಯೇ ಕಡ್ಡಿ ಟಣ್ಣೆಂದು ಮುರಿಯುತ್ತದೆ. ಮುರಿಯುವುದು ಪ್ರಾಯಶಃ ಹಬ್ಬಿನ ತೂತಿನಲ್ಲಿ ತಲೆಯೂರುವ ಬಾಗಿನ ಬಳಿಯಲ್ಲಿಯೇ.

ಇದಕ್ಕೆ ಪರಿಹಾರ ಗಹನವಾದುದೇನಲ್ಲ. ಹಿಂದಿನ ಗಾಲಿಗೆ 36 ಕಡ್ಡಿಗಳಿರಲಿ, ಒಂದೊಂದೂ ಮೂರನ್ನು ದಾಟಿ ಹೆಣೆದಿರಲಿ. ರಿಮ್ಮು ಇಬ್ಬದಿ ಗೋಡೆಯ ಅಗಲವಾದ ರಿಮ್ಮಾಗಿರಲಿ. ಕಡ್ಡಿ ಎರಡು ತುದಿಗಳಲ್ಲಿ 2 ಮಿಲಿಮೀಟರೂ ನಡುವೆ 1.8 ಮಿಲಿಮೀಟರೂ ಇರುವಂಥದಾಗಿರಲಿ. ನಡುವೆ ತೆಳುವಾದ ಕಡ್ಡಿ ಹೆಚ್ಚು ಬಾಳುತ್ತದೆಂದರೆ ವಿಚಿತ್ರವಾಗಿ ತೋರಬಹುದು. ಹಿಗ್ಗುವ ಕೆಲಸವನ್ನು ಆ ತೆಳುವಾದ ಭಾಗ ವಹಿಸಿಕೊಳ್ಳುವುದರಿಂದ ಬಾಗಿನ ಮೇಲಿನ ಆಯಾಸ ತಗ್ಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಬಿಗಿತದ ಸಮತೆ. ಈ ಜಿಲ್ಲೆಗಳಲ್ಲಿ ತಲೆತಲಾಂತರದಿಂದ ನೆಲೆಸಿ ಮನೆಯಲ್ಲಿ ಕನ್ನಡವನ್ನಾಡುವ ದೇವಾಂಗ ನೇಕಾರರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಹಾಸಿನಲ್ಲಿ ಒಂದೆಳೆ ಸಡಿಲವಾಗಿ ಪಕ್ಕದ್ದು ಬಿಗಿಯಾಗಿದ್ದರೆ ಬಿಗಿಯಾದುದೇ ಮೊದಲು ಹರಿಯುವಂತೆ, ಗಾಲಿಯಲ್ಲಿಯೂ ನೆರೆಯ ಕಡ್ಡಿಯ ಸೋಮಾರಿತನಕ್ಕೆ ದುಡಿಯುವ ಕಡ್ಡಿ ಬಲಿಯಾಗುತ್ತದೆ.

ಬಲ್ಲ ಮೇಸ್ತ್ರಿಯ ಕೈಯಲ್ಲಿ ಗಾಲಿ ಸಿದ್ಧವಾಗುವುದನ್ನು ನಿಂತು ನೋಡುವುದು ಒಂದು ವಿದ್ಯಾಭ್ಯಾಸವೇ ಸರಿ. ಅವನು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸ್ವರ ತಗ್ಗಿದ ಕಡೆ ನಿಪ್ಪಲ್ಲನ್ನು ಕಾಲು ಸುತ್ತಷ್ಟೇ ತಿರುಗಿಸಿ, ರಿಮ್ಮು ಎಡಕ್ಕೋ ಬಲಕ್ಕೋ ಒಲೆದಲ್ಲಿ ಬೆಂಡು ತೆಗೆದು, ಅನಂತರ ಜೋಡಿ ಕಡ್ಡಿಗಳನ್ನು ಅಂಗೈಗಳಲ್ಲಿ ಹಿಡಿದು ಬಲವಾಗಿ ಹಿಚುಕುತ್ತಾನೆ. ಈ ಒತ್ತಡದಿಂದ ಕಡ್ಡಿಯ ಬಾಗು ಹಬ್ಬಿನಲ್ಲಿ ಸರಿಯಾಗಿ ಕೂತು, ಒಳಗೆ ಉಳಿದಿದ್ದ ಬಿಗುಪು ಕಳೆಯುತ್ತದೆ. ಕಾರ್ಖಾನೆಯ ಅಗ್ಗದ ಗಾಲಿಗಳಿಗೆ ಈ ಸಂಸ್ಕಾರ ದೊರೆಯುವುದು ಅಪರೂಪ. ಹೊಸ ಸೈಕಲ್ ಕೊಂಡ ದಿನವೇ ಅದರ ಗಾಲಿಗಳನ್ನು ಇಂಥವನೊಬ್ಬನ ವಶಕ್ಕೆ ಒಪ್ಪಿಸುವುದು, ಒಂದು ತಿಂಗಳ ತರುವಾಯ ಇನ್ನೊಮ್ಮೆ ತೋರಿಸುವುದು, ಭಾರವಾದ ಸವಾರನ ಕರ್ತವ್ಯ.

ಕಣ್ಣಿಗೆ ಬೀಳದ ಇನ್ನೊಂದು ದೋಷ ಹಬ್ಬಿನ ಒಳಗಿದೆ. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಫ್ರೀವೀಲು ಹಬ್ಬಿನ ಹೊರಗೆ ತಿರುಪಿನ ಮೇಲೆ ಕೂರುವುದರಿಂದ, ಬೇರಿಂಗು ಒಳಕ್ಕೆ ಸರಿದು, ಆಕ್ಸಲ್ಲಿನ ಬಲತುದಿ ಆಸರೆಯಿಲ್ಲದೆ ಉದ್ದಕ್ಕೆ ಚಾಚಿ ನಿಲ್ಲುತ್ತದೆ. ಭಾರ ಬಿದ್ದಾಗ ಬಾಗುವುದೂ ಮುರಿಯುವುದೂ ಅಲ್ಲಿಯೇ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಆಕ್ಸಲ್ಲಿನ ತುದಿಗೆ ಬಂದಿರುತ್ತದೆ. ಹಬ್ಬು ಫ್ರೀವೀಲಿನದೋ ಕ್ಯಾಸೆಟ್ಟಿನದೋ ಎಂಬುದು ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ.

ನಮ್ಮ ನೆಲಕ್ಕೂ ಅದರದೇ ಆದ ಕಟ್ಟಳೆಗಳಿವೆ. ಕಾಂಗೇಯಂ, ಧಾರಾಪುರಂ ಕಡೆಯ ಕೊರಂಗಾಡು ಹುಲ್ಲುಗಾವಲುಗಳಿಗೆ ಮುಳ್ಳುಕಿಳುವೈಯ ಬೇಲಿ. ಕೆರೆದಂಡೆಗಳಲ್ಲೆಲ್ಲ ಬಳ್ಳಾರಿ ಜಾಲಿ. ಅಲ್ಲಿ ಟೈರಿನೊಳಕ್ಕೆ ಸೀಲೆಂಟ್ ದ್ರವವನ್ನು ಹಾಕದೆ ಹೊರಡತಕ್ಕದ್ದಲ್ಲ. ಟೈರು 2.2 ಇಂಚಿಗೆ ಕಡಿಮೆಯಿರದೆ, ಗಾಳಿಯೂ ಹಗುರವಾದವನು ತುಂಬುವುದಕ್ಕಿಂತ ಹೆಚ್ಚಾಗಿರಬೇಕು. ಇಲ್ಲವಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಸೀಳುತ್ತದೆ. ಆಳಿಯಾರಿನಿಂದ ವಾಲ್ಪಾರೈಗೆ ಹೋಗುವ ದಾರಿಯಲ್ಲಿ 40 ಕಡಿದಾದ ತಿರುವುಗಳಿವೆ; ಹತ್ತುವಾಗ ಶ್ವಾಸದ ಪರೀಕ್ಷೆ, ಇಳಿಯುವಾಗ ಬ್ರೇಕಿನ ಪರೀಕ್ಷೆ. ಭಾರವಾದವನಿಗೆ 160ರ ಬದಲು 180 ಮಿಲಿಮೀಟರಿನ ಡಿಸ್ಕು ಬೇಕು. ಬ್ರೇಕನ್ನು ಉದ್ದಕ್ಕೂ ಒತ್ತಿಯೇ ಇಳಿಯದೆ ತಿರುವಿಗೆ ಮುನ್ನ ಬಲವಾಗಿ ಹಿಡಿದು ಬಿಡುವ ಅಭ್ಯಾಸವೂ ಬೇಕು. ಅಗ್ಗದ ಸ್ಪ್ರಿಂಗ್ ಫೋರ್ಕು ನೂರು ಕಿಲೋ ಭಾರಕ್ಕೆ ಕುಸಿದೇ ಇರುತ್ತದೆಯಾದುದರಿಂದ, ತೂಕಕ್ಕೆ ತಕ್ಕಂತೆ ಒತ್ತಡವನ್ನು ಹೊಂದಿಸಬಹುದಾದ ಗಾಳಿಯ ಫೋರ್ಕಿಗೆ ಹಣವಿಲ್ಲದವರು ಅಲುಗದ ನೇರ ಫೋರ್ಕನ್ನು ಆರಿಸುವುದೇ ಲೇಸು.

ತಯಾರಕರೊಡನೆ ನನ್ನ ತಗಾದೆ ಒಂದಿದೆ. ಸೈಕಲ್ಲು ಎಷ್ಟು ಭಾರವನ್ನು ಹೊರಬಲ್ಲುದೆಂಬುದನ್ನು ಕೈಪಿಡಿಯ ಒಳಪುಟದಲ್ಲಿ ಅಡಗಿಸಿಡುವುದು ನ್ಯಾಯವಲ್ಲ. ಅಲ್ಲಿ 100 ಕಿಲೋ ಎಂದಿದ್ದು, ಅದು ಸೈಕಲ್ಲನ್ನೂ ಸೇರಿಸಿ ಹೇಳಿದ ಲೆಕ್ಕವಾಗಿದ್ದರೆ, 15 ಕಿಲೋದ ಸೈಕಲ್ಲಿನ ಮೇಲೆ ಕೂರಬಹುದಾದವನ ತೂಕ, ನೀರಿನ ಬಾಟಲಿಯೂ ಚೀಲವೂ ಸೇರಿ, 85 ಮಾತ್ರ. ಲಾರಿಯ ಬದಿಯಲ್ಲಿ ಹೊರೆಯ ಮಿತಿಯನ್ನು ಬರೆಯುವ ದೇಶದಲ್ಲಿ ಸೈಕಲ್ಲಿನ ಫ್ರೇಮಿನ ಮೇಲೆ ಒಂದು ಸಾಲು ಅಚ್ಚೊತ್ತುವುದು ಅಸಾಧ್ಯವೇ? ಜವಳಿ ಯಂತ್ರಗಳನ್ನೂ ಪಂಪುಗಳನ್ನೂ ಸೂಕ್ಷ್ಮವಾದ ಅಳತೆಯಿಂದ ನಿರ್ಮಿಸಿ ನಾಡಿಗೆಲ್ಲ ಒದಗಿಸುವ ಕೊಯಮತ್ತೂರಿನಲ್ಲಿ, 36 ತೂತಿನ ಹಬ್ಬು, ರಿಮ್ಮುಗಳನ್ನು ಅಂಗಡಿಯವರು ಸದಾ ಇಟ್ಟುಕೊಳ್ಳುವುದೂ ಅಸಾಧ್ಯವಲ್ಲ. ದೇಹ ದಪ್ಪವಾಗಿದೆಯೆಂದು ಸಂಕೋಚದಿಂದ ಬಂದವನು, ಎರಡು ತಿಂಗಳಲ್ಲಿ ಕಡ್ಡಿ ಮುರಿದು ತಾನೇ ತಪ್ಪಿತಸ್ಥನೆಂದು ಭಾವಿಸಿ ಸೈಕಲ್ಲನ್ನು ಮೂಲೆಗೆ ನಿಲ್ಲಿಸುವಂತೆ ಆಗಬಾರದು. ತಪ್ಪು ಅವನ ದೇಹದ್ದಲ್ಲ.

ಒಂದು ಕಡ್ಡಿ ಮುರಿದರೆ ಅದೊಂದನ್ನೇ ಬದಲಾಯಿಸಿಕೊಳ್ಳಬಹುದು. ಅದೇ ಗಾಲಿಯಲ್ಲಿ ಎರಡನೆಯದೂ ಮೂರನೆಯದೂ ಮುರಿದರೆ, ಉಳಿದುವೂ ಅಷ್ಟೇ ದಣಿದಿವೆಯೆಂದು ತಿಳಿದು, ಹಬ್ಬನ್ನು ಮಾತ್ರ ಉಳಿಸಿಕೊಂಡು ಕಡ್ಡಿಗಳೆಲ್ಲವನ್ನೂ ಹೊಸದಾಗಿ ಹೆಣೆಸಬೇಕು. ಬಿಡಿಬಿಡಿಯಾಗಿ ಕಡ್ಡಿ ಹಾಕಿಸುತ್ತ ಹೋಗುವುದಕ್ಕಿಂತ ಅದರ ಖರ್ಚು ಕೊನೆಗೆ ಕಡಿಮೆಯೇ ಆಗುತ್ತದೆ.