ಸರ್ಟಿಫಿಕೇಟು ಸರಿ, ಕೈ ಪಳಗಿದೆಯೆ?

ಬೆಳಗೊಳದಲ್ಲಿ ಬೆಳಿಗ್ಗೆ ಮೈಸೂರು ಬಸ್ಸಿಗೆ ಕಾಯುವವರ ಕೈಯನ್ನು ಒಮ್ಮೆ ನೋಡಬೇಕು. ಟಿಫನ್ ಡಬ್ಬಿ ಹಿಡಿದವರು ಕೆಲಸಕ್ಕೆ ಹೊರಟವರು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿದ ಚೀಟಿ, ಎಕ್ಸ್‌ರೇ ಹಿಡಿದವರು ದೊಡ್ಡಾಸ್ಪತ್ರೆಗೆ ಹೊರಟವರು. "ಏನವ್ವಾ, ಏನಾಗದೆ?" ಅಂದರೆ "ಶುಗರ್ರು ಕಣಪ್ಪ, ಮಾತ್ರೆ ಬರುಸ್ಕೊಂಡ್ ಬರಕ್ಕೆ" ಎಂಬ ಉತ್ತರ ಬರುತ್ತದೆ. ಮಾತ್ರೆ ಬರೆಸಿಕೊಳ್ಳಲು ಒಂದು ದಿನದ ಕೂಲಿ ಖೋತಾ! ಹೆಂಗಸರಿಗೆ ಬಸ್ ಚಾರ್ಜು ಇಲ್ಲ ಎಂಬುದೊಂದೇ ಸಮಾಧಾನ.

ಹೀಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಎಷ್ಟೋ ಮಂದಿಗೆ ಬೇಕಾಗಿರುವುದು ದೊಡ್ಡಾಸ್ಪತ್ರೆಯಲ್ಲ. ಅಜ್ಜಿಯ ಶುಗರ್ರು, ಸೊಸೆಯ ಬಸಿರು, ಮಗುವಿನ ಜ್ವರ, ಯಜಮಾನನ ಬಿ.ಪಿ., ಇವೆಲ್ಲವನ್ನೂ ನೋಡಬಲ್ಲ ಒಬ್ಬ ಡಾಕ್ಟರು ಬೇಕು. ಯಾರನ್ನು ತಕ್ಷಣ ಮೈಸೂರಿಗೆ ಅಟ್ಟಬೇಕು, ಯಾರನ್ನು ಇಲ್ಲೇ ಇಟ್ಟುಕೊಳ್ಳಬೇಕು ಎಂಬುದು ಆತನಿಗೆ ಗೊತ್ತಿರಬೇಕು. ಹಿಂದೆ ಹಳ್ಳಿಗಾಡಿನಲ್ಲಿ ಈ ಕೆಲಸ ಮಾಡುತ್ತಿದ್ದವರು ಎಲ್.ಎಂ.ಪಿ. ಡಾಕ್ಟರುಗಳು. 1946ರಲ್ಲಿ ಭೋರ್ ಸಮಿತಿ ಆ ಓದು ಸಾಕು, ಎಲ್ಲರೂ ಪದವಿ ವೈದ್ಯರೇ ಆಗಲಿ ಎಂದಿತು. ಆದರು. ಆದ ಮೇಲೆ ಒಬ್ಬರು ಹೃದಯಕ್ಕೆ, ಒಬ್ಬರು ಮೂಳೆಗೆ, ಒಬ್ಬರು ಚರ್ಮಕ್ಕೆ ಹಂಚಿಹೋದರು. ಇಡೀ ಮನುಷ್ಯನನ್ನು, ಇಡೀ ಮನೆಯನ್ನು ನೋಡುವವರು ಕಡಿಮೆಯಾದರು.

ಈ ಹಳೇ ಕೆಲಸಕ್ಕೆ ಈಗ ಹೊಸ ಹೆಸರು ಫ್ಯಾಮಿಲಿ ಮೆಡಿಸಿನ್, ಅಂದರೆ ಕುಟುಂಬ ವೈದ್ಯಶಾಸ್ತ್ರ. ಇದರಲ್ಲಿ ಎಂ.ಡಿ. ಇದೆ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಮೂರು ವರ್ಷದ ಡಿ.ಎನ್.ಬಿ. ಇದೆ. 2020ರಿಂದ ಎರಡು ವರ್ಷದ ಡಿಪ್ಲೊಮಾ ಕೂಡ ಬಂದಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಇದನ್ನು ಬೆಳೆಸಿ ಎಂದಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲೂ ಅದೇ ಮಾತಿದೆ. ಕಾಗದದ ಮೇಲೆ ಕೊರತೆಯೇನೂ ಇಲ್ಲ.

ಸರಿ, ಓದು ಬಂತು. ಓದಿದವನ ಕೈ ಪಳಗಿದೆ ಎಂದು ಹೇಳುವವರು ಯಾರು? ಸದ್ಯದ ಕಗ್ಗಂಟು ಇರುವುದು ಇಲ್ಲಿ.

ಹಳೇ ಲೆಕ್ಕ ಸುಲಭವಾಗಿತ್ತು. ಮೂರು ವರ್ಷ ವಾರ್ಡಿನಲ್ಲಿ ಓಡಾಡು, ನಾಲ್ಕು ಪೇಪರು ಬರೆ, ಪರೀಕ್ಷಕರ ಮುಂದೆ ರೋಗಿ ನೋಡು, ಪಾಸಾಗು. ದಿನ ತುಂಬಿತೆಂದರೆ ವಿದ್ಯೆ ಬಂತು ಎಂದರ್ಥ. ಹೊಸ ಲೆಕ್ಕದ ಹೆಸರು ಸಾಮರ್ಥ್ಯ ಆಧಾರಿತ ತರಬೇತಿ. ಎಷ್ಟು ದಿನ ಇದ್ದೆ ಎಂಬುದಕ್ಕಿಂತ ಏನು ಮಾಡಬಲ್ಲೆ ಎಂಬುದೇ ಅಲ್ಲಿ ಮುಖ್ಯ. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್.ಗೆ ಇದು 2019ರ ಬ್ಯಾಚಿನಿಂದ ಜಾರಿಗೆ ಬಂತು. ಕುಟುಂಬ ವೈದ್ಯಶಾಸ್ತ್ರದ ಎಂ.ಡಿ.ಗೂ ಇದೇ ಮಾದರಿಯ ಮಾರ್ಗಸೂಚಿ ಇದೆ.

ವ್ಯತ್ಯಾಸ ತಿಳಿಯಬೇಕಾದರೆ ಕಬ್ಬಿನ ಗದ್ದೆಗೇ ಬರಬೇಕು.

ವಿ.ಸಿ. ನಾಲೆಯ ಬಯಲಿನಲ್ಲಿ ಹಾವು ಕಡಿತ ಎಂದರೆ ದೂರದ ಸುದ್ದಿಯೇನಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಮಂಡಲದ ಹಾವು ಕಡಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಇದನ್ನು ಕಂಡುಹಿಡಿಯಲು ದೊಡ್ಡ ಮಿಷನ್ ಬೇಡ. ಶುಭ್ರವಾದ, ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಬಗ್ಗಿಸಿ ನೋಡಬೇಕು. ನೀರಿನಂತೆ ಹರಿದರೆ ವಿಷ ಏರಿದೆ, ಔಷಧ ಶುರು ಮಾಡಬೇಕು. ಟ್ಯೂಬು ಪ್ಲಾಸ್ಟಿಕ್ಕಿನದಾದರೆ ಲೆಕ್ಕ ತಪ್ಪುತ್ತದೆ. ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬಾದರೂ ಅಷ್ಟೆ. ಮಧ್ಯೆ ಯಾರೋ ಎತ್ತಿ ಅಲ್ಲಾಡಿಸಿದರೂ ಅಷ್ಟೆ.

ಇದನ್ನು ಪರೀಕ್ಷೆಯಲ್ಲಿ ಬರೆಯುವುದು ಒಂದು. ಹೇಗೆ ಮಾಡಬೇಕೆಂದು ಬಾಯಲ್ಲಿ ಹೇಳುವುದು ಎರಡು. ಮೇಷ್ಟರ ಎದುರು ಮಾಡಿ ತೋರಿಸುವುದು ಮೂರು. ರಾತ್ರಿ ಹನ್ನೊಂದಕ್ಕೆ, ಹೊರಗೆ ಐವತ್ತು ಜನ ಕೂಗಾಡುತ್ತಿರುವಾಗ, ಕರೆಂಟು ಹೋಗಿರುವಾಗ ಒಬ್ಬನೇ ಮಾಡುವುದು ನಾಲ್ಕು. 1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಪ್ರಾಧ್ಯಾಪಕ ಹೇಳಿದ್ದು ಈ ನಾಲ್ಕು ಮೆಟ್ಟಿಲುಗಳನ್ನೇ. ನಮ್ಮ ಹೊಸ ಪಠ್ಯಕ್ರಮದಲ್ಲೂ ಪ್ರತಿ ಕೆಲಸಕ್ಕೆ ಯಾವ ಮೆಟ್ಟಿಲು ಹತ್ತಿರಬೇಕು ಎಂಬ ಗುರುತು ಇದೆ.

ವಿಷಕ್ಕೆ ಕೊಡುವ ಔಷಧಿಯೇ ಕೆಲವರ ಮೈಗೆ ಒಗ್ಗದೆ ರೋಗಿ ಕುಸಿಯುವುದುಂಟು. ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿ ಸಿದ್ಧವಿದ್ದರೆ, ಅದನ್ನು ಹಿಂದೆ ಒಮ್ಮೆ ಕೊಟ್ಟ ಅನುಭವ ಇದ್ದರೆ, ಡಾಕ್ಟರು ಧೈರ್ಯ ಮಾಡುತ್ತಾರೆ. ಇಲ್ಲದಿದ್ದರೆ "ಮೈಸೂರಿಗೆ ಕರ್ಕೊಂಡ್ ಹೋಗಿ" ಎಂದು ಚೀಟಿ ಬರೆಯುತ್ತಾರೆ. ಚೀಟಿಯ ಮೇಲೆ ರೋಗದ ಹೆಸರಿರುತ್ತದೆ. ನಿಜವಾದ ಕಾರಣ ಎಷ್ಟೋ ಸಲ ಅಂಜಿಕೆ. ಆ ಅಂಜಿಕೆಯ ಬೆಲೆ ತೆರುವವನು ಆಂಬುಲೆನ್ಸಿನಲ್ಲಿ ಮಲಗಿರುವವನು.

ಹಾಗಂತ ಡಾಕ್ಟರರನ್ನು ಬೈದು ಪ್ರಯೋಜನವಿಲ್ಲ. ಪಕ್ಕದಲ್ಲಿ ನಿಂತು ಮಾಡಿಸಿದವರು ಯಾರೂ ಇಲ್ಲದಿದ್ದರೆ ಧೈರ್ಯ ಎಲ್ಲಿಂದ ಬರಬೇಕು? ಬಸ್ ಡ್ರೈವರಿಕೆ ಕಲಿಯುವವನ ಪಕ್ಕ ಹಳಬನೊಬ್ಬ ಕೂತಿರುತ್ತಾನೆ. ಮೊದಲು ಖಾಲಿ ರಸ್ತೆ, ಆಮೇಲೆ ಸಂತೆ ಬೀದಿ, ಕೊನೆಗೆ ಘಾಟಿ. ಅಂಗಡಿ ಹುಡುಗನಿಗೂ ಮೊದಲ ದಿನವೇ ಗಲ್ಲಾಪೆಟ್ಟಿಗೆ ಬೀಗ ಕೊಡುವವರಿಲ್ಲ. ಈ ಕೆಲಸವನ್ನು ಇವನ ಕೈಗೆ ಬಿಡಬಹುದೆ ಎಂದು ಒಂದೊಂದಾಗಿ ತೀರ್ಮಾನಿಸುವ ಪದ್ಧತಿಯನ್ನು ಹಾಲೆಂಡಿನ ಟೆನ್ ಕೇಟ್ ಎಂಬುವರು 2005ರಲ್ಲಿ ವೈದ್ಯ ಶಿಕ್ಷಣಕ್ಕೆ ತಂದರು. ನಮ್ಮ ಅಂಗಡಿ ಬೀದಿಯವರಿಗೆ ಅದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ!

ಕೆನಡಾದವರು ಇದನ್ನು ಇನ್ನಷ್ಟು ನೆಲಕ್ಕಿಳಿಸಿದ್ದಾರೆ. ಅಲ್ಲಿ ಕುಟುಂಬ ವೈದ್ಯರ ತರಬೇತಿ ಎರಡು ವರ್ಷ. ರೆಸಿಡೆಂಟ್ ಡಾಕ್ಟರು ರೋಗಿ ನೋಡಿದ ಹೊತ್ತಿಗೇ ಹಿರಿಯರು ಒಂದು ಸಣ್ಣ ಚೀಟಿ ಬರೆಯುತ್ತಾರೆ. ಏನು ಸರಿ ಮಾಡಿದ, ಎಲ್ಲಿ ಎಡವಿದ, ಮುಂದಿನ ಸಲ ಏನು ಮಾಡಬೇಕು, ಅಷ್ಟೆ. ಅಂಗಡಿಯ ದಿನವಹಿ ಇದ್ದಂತೆ. ತಿಂಗಳುಗಟ್ಟಲೆ ಚೀಟಿ ಒಟ್ಟಾದಾಗ ಆಳು ಏನು ಎಂಬುದು ತಾನಾಗಿ ಕಾಣುತ್ತದೆ. ಏನೇನು ಬರಬೇಕು ಎಂಬುದಕ್ಕೆ 105 ವಿಷಯಗಳ ಪಟ್ಟಿ ಇದೆ. ಯಾವುದನ್ನು ಈಗ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯನ್ನೂ ಅಲ್ಲಿ ಒಂದು ಸಾಮರ್ಥ್ಯ ಎಂದೇ ಅಳೆಯುತ್ತಾರೆ.

ಇಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮವೊಂದರಲ್ಲೇ ಸುಮಾರು ಮೂರು ಸಾವಿರ ಸಾಮರ್ಥ್ಯಗಳಿವೆ. ಮೂರು ಸಾವಿರ! ಒಂದೊಂದಕ್ಕೂ ಟಿಕ್ ಮಾರ್ಕು, ಸಹಿ, ತಾರೀಖು. ಅಷ್ಟನ್ನೂ ನಿಂತು ನೋಡಲು ಯಾವ ಮೇಷ್ಟರಿಗೆ ಪುರುಸೊತ್ತಿದೆ? ಹೀಗಾದಾಗ ಲಾಗ್‌ಬುಕ್ಕು ಪರೀಕ್ಷೆಯ ಹಿಂದಿನ ವಾರ ಒಂದೇ ಪೆನ್ನಿನಲ್ಲಿ, ಒಂದೇ ಕೂಡಿಕೆಯಲ್ಲಿ ತುಂಬುವ ಅಪಾಯವಿದೆ. ಬೆಳಗೊಳದ ಕಾಗದದ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾದವು. ಅದು ನಡೆಯುತ್ತಿದ್ದರೆ ಈ ಬುಕ್ಕುಗಳ ದೆಸೆಯಿಂದಲೇ ಬದುಕಿಕೊಳ್ಳುತ್ತಿತ್ತೇನೋ.

ಅಷ್ಟಾದರೂ ಹೊಸ ಪದ್ಧತಿಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಹಳ್ಳಿಯ ಕಡೆಗೆ ಮುಖ ಮಾಡಿದ ಎರಡು ಅಂಶಗಳಿವೆ. ಮೊದಲ ವರ್ಷದಿಂದಲೇ ವಿದ್ಯಾರ್ಥಿ ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ಗಮನಿಸಬೇಕು. ಸ್ನಾತಕೋತ್ತರ ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಇದು ಈ ಸೀಮೆಗೆ ತೀರಾ ಹೊಸತೂ ಅಲ್ಲ. 1930ರ ದಶಕದಲ್ಲೇ ಮೈಸೂರು ಸಂಸ್ಥಾನದವರು ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಆರೋಗ್ಯ ಸಿಬ್ಬಂದಿಗೆ ಹಳ್ಳಿಯಲ್ಲೇ ತರಬೇತಿ ಕೊಡಿಸಿದ್ದರು.

ಮಂಡ್ಯ ಜಿಲ್ಲೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ್ದು 1986ರಿಂದ ಇದೆ, ಮಂಡ್ಯದ ಸರ್ಕಾರಿ ಕಾಲೇಜಿಗೆ ಎರಡು ದಶಕ ಆಗುತ್ತಾ ಬಂತು. ಹೊಳೆಯಾಚೆ ಮೈಸೂರಿನಲ್ಲಿ ಹಳೇ ಕಾಲೇಜು. ಡಾಕ್ಟರ್ ತಯಾರಾಗುವ ಜಾಗಕ್ಕೆ ಬರವಿಲ್ಲ. ತಯಾರಾದವರು ಮಾತ್ರ ಕುಟುಂಬ ವೈದ್ಯಶಾಸ್ತ್ರದ ಕಡೆ ತಿರುಗುವುದು ಕಡಿಮೆ. ಒಳ್ಳೇ ರ‍್ಯಾಂಕು ಬಂದವರು ರೇಡಿಯಾಲಜಿಗೆ, ಚರ್ಮಕ್ಕೆ ಹೋಗುತ್ತಾರೆ. ತಪ್ಪೆನ್ನುವುದು ಹೇಗೆ? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಹುದ್ದೆಗೆ ಎಂ.ಬಿ.ಬಿ.ಎಸ್. ಸಾಕು. ಅದರ ಮೇಲೆ ಎರಡು ಮೂರು ವರ್ಷ ಬೆವರು ಸುರಿಸಿ ಕಲಿತು ಬಂದವನು ಕೂರುವುದೂ ಅದೇ ಕುರ್ಚಿಯಲ್ಲಿ. ನಿಯಮದ ಪ್ರಕಾರ ಅಂಥ ಒಂದು ಕೇಂದ್ರಕ್ಕೆ ಬಯಲುಸೀಮೆಯಲ್ಲಿ 30,000 ಜನ. ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ಬಿ.ಪಿ., ಶುಗರ್ ನೋಡುತ್ತಾರೆ. ನೋಡಿ, ಬರೆದುಕೊಂಡು ಹೋದ ಮೇಲೆ ಆ ನಂಬರನ್ನು ವರ್ಷಗಟ್ಟಲೆ ಹಿಡಿತದಲ್ಲಿಡುವ ಕೆಲಸ ಮತ್ತೆ ಅದೇ ಕುರ್ಚಿಯವನದು.

ಇನ್ನೊಂದು ತೊಡಕು ಕಲಿಸುವವರದು. ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತಿಪ್ಪತ್ತು ವರ್ಷ ಹಾವು ಕಡಿತ, ಕೀಟನಾಶಕ ಕುಡಿದ ಕೇಸು, ನಡುರಾತ್ರಿ ಹೆರಿಗೆ ಎಲ್ಲವನ್ನೂ ನೋಡಿರುವ ಹಿರಿಯ ಡಾಕ್ಟರಿಗಿಂತ ಈ ವಿದ್ಯೆಗೆ ಬೇರೆ ಗುರು ಬೇಕಿಲ್ಲ. ಅವರಿಗೆ ಪ್ರಾಧ್ಯಾಪಕ ಎಂಬ ಬೋರ್ಡು ಇಲ್ಲದ್ದರಿಂದ ರೆಸಿಡೆಂಟಿನ ಲಾಗ್‌ಬುಕ್ಕಿಗೆ ಗುರುವಾಗಿ ಸಹಿ ಹಾಕುವ ಅಧಿಕಾರವೂ ಇರುತ್ತಿರಲಿಲ್ಲ. 2025ರ ಜುಲೈನಲ್ಲಿ ವೈದ್ಯಕೀಯ ಆಯೋಗ ಇದನ್ನು ಸ್ವಲ್ಪ ಸಡಿಲಿಸಿತು. 220ಕ್ಕಿಂತ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ತಜ್ಞರು ಸಹ ಪ್ರಾಧ್ಯಾಪಕರಾಗಬಹುದು ಎಂದಿತು. ತಾಲ್ಲೂಕು ಆಸ್ಪತ್ರೆ ಎಂದರೆ ಸಾಮಾನ್ಯವಾಗಿ ನೂರು ಹಾಸಿಗೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯ ಹಿರಿಯ ಡಾಕ್ಟರುಗಳು ಗಾಜಿನ ಟ್ಯೂಬು ಹಿಡಿದು 20 ನಿಮಿಷ ಕಾಯುವುದನ್ನು ಹುಡುಗರಿಗೆ ಕಲಿಸಬಹುದು, ತಡೆಯುವವರಿಲ್ಲ. ಕಲಿತಿದ್ದಾನೆ ಎಂದು ಸಹಿ ಹಾಕಲು ಮಾತ್ರ ಇನ್ನೂ ನೂರಿಪ್ಪತ್ತು ಹಾಸಿಗೆ ಬೇಕು.